ನ್ಯಾಕ್ ತಂಡಕ್ಕೊಂದು ಯೋಜನೆ, ಹಡಗಲಿಗೆ ಯಾವುದು?

ನಮ್ಮ ವಿಶ್ವವಿದ್ಯಾಲಯಗಳಲ್ಲಿ ದೂರಗಾಮಿ ಯೋಜನೆಯ ಮಾತು ಯಾವಾಗ ಏಳುತ್ತದೆಂದು ಹೊರಗಿನವರೂ ಹೇಳಬಲ್ಲರು: ನ್ಯಾಕ್ (ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಮಂಡಳಿ) ತಂಡ ಬರುವ ಸುದ್ದಿ ಹಬ್ಬಿದಾಗ. ಗೋಡೆಗಳಿಗೆ ಸುಣ್ಣಬಣ್ಣ ಬೀಳುತ್ತದೆ, ವಿಭಾಗಗಳಿಂದ ಅಂಕಿಅಂಶ ತರಿಸುತ್ತಾರೆ. ಸ್ವ-ಅಧ್ಯಯನ ವರದಿಯ ಆರನೇ ಮಾನದಂಡ ಕೇಳುತ್ತದೆಂದು ‘ಸ್ಟ್ರಾಟೆಜಿಕ್ ಪ್ಲಾನ್’ ಕೂಡ ತಯಾರಾಗುತ್ತದೆ, ಅದೂ ಇಂಗ್ಲಿಷಿನಲ್ಲಿ. ಯೋಜನೆ, ಉಸ್ತುವಾರಿ, ಮೌಲ್ಯಮಾಪನಕ್ಕೆಂದೇ ಒಂದು ಮಂಡಳಿ ಇದ್ದರೂ ಕಡತಕ್ಕೆ ಜೀವ ಬರುವುದು ತಂಡ ಬಂದಾಗಲೇ.

ಈ ಪದ್ಧತಿಯ ಬೆಲೆ ಎಷ್ಟೆಂದು ತಿಳಿಯಬೇಕಾದರೆ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಕಡೆಯಿಂದ ನೋಡಬೇಕು. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ 2010ರಲ್ಲಿ ಹುಟ್ಟಿತು. ವಿಶ್ವವಿದ್ಯಾಲಯದ ಕೆಲಸಕ್ಕೆ ಕಲಬುರಗಿಯವರೆಗೆ ಅಲೆಯುವುದು ತಪ್ಪಿತಲ್ಲ ಎಂದು ಈ ಕಡೆಯ ಬಹುಪಾಲು ಜನ ನಿಟ್ಟುಸಿರು ಬಿಟ್ಟರು. ಆಗ ಅದರ ವ್ಯಾಪ್ತಿ ಅವಿಭಜಿತ ಬಳ್ಳಾರಿ, ಕೊಪ್ಪಳ ಎರಡು ಜಿಲ್ಲೆ. ವಿಶ್ವವಿದ್ಯಾಲಯದ ಸ್ವಂತ ಸಂಪಾದನೆ ಎಂದರೆ ಬಹುಪಾಲು ಕಾಲೇಜುಗಳ ಸಂಯೋಜನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕ. ಮುಂದೆ ಸರ್ಕಾರ ಕೊಪ್ಪಳಕ್ಕೇ ಒಂದು ವಿಶ್ವವಿದ್ಯಾಲಯ ಕೊಟ್ಟಿತು. ಕಾಲೇಜುಗಳ ಜೊತೆ ಶುಲ್ಕವೂ ಹೋಯಿತು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಮುಚ್ಚಬಹುದೆಂದ ಒಂಬತ್ತು ಹೊಸ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಅದೇ ಕೊಪ್ಪಳ ಇತ್ತು! ತಮ್ಮ ಗಡಿಯೇ ತಮ್ಮ ಕೈಯಲ್ಲಿಲ್ಲದವರು ಹದಿನೈದು ವರ್ಷದ ಮುನ್ನೋಟ ಬರೆಯುವುದಾದರೂ ಹೇಗೆ?

ಪಠ್ಯಕ್ರಮದ್ದೂ ಇದೇ ಪಾಡು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶಕ್ಕೇ ಮೊದಲು 2021-22ರಲ್ಲಿ ತಂದದ್ದು ನಾವು. 2024-25ಕ್ಕೆ ಅದನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿದವರೂ ನಾವೇ. ಜಿಲ್ಲೆಯ ಗಡಿಯೂ ಹಾಗೇ ಬದಲಾಗುತ್ತದೆ: ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಸಂವಿಧಾನದ 371(ಜೆ) ವಿಧಿಯ ವಿಶೇಷ ಸೌಲಭ್ಯಕ್ಕಾಗಿ ಹೋರಾಡಿ ಬಳ್ಳಾರಿಗೆ ಹಿಂದಿರುಗಿ, 2021ರಲ್ಲಿ ವಿಜಯನಗರ ಜಿಲ್ಲೆಯ ತಾಲ್ಲೂಕಾಯಿತು.

ಇಷ್ಟು ಹೇಳಿ ತಪ್ಪನ್ನೆಲ್ಲ ಸರ್ಕಾರದ ತಲೆಗೆ ಕಟ್ಟಿದರೆ ವಿಶ್ವವಿದ್ಯಾಲಯಗಳಿಗೆ ಸಲೀಸು. ನನ್ನ ತಕರಾರು ಬೇರೆ. ಕೈಯಲ್ಲಿಲ್ಲದ್ದರ ಬಗ್ಗೆ ಈ ಬಗೆಯ ದಸ್ತಾವೇಜುಗಳು ಪುಟಗಟ್ಟಲೆ ಮಾತಾಡುತ್ತವೆ: ಜಾಗತಿಕ ಮಟ್ಟದ ಸಂಶೋಧನೆ, ವಿದೇಶಿ ಒಡಂಬಡಿಕೆ, ಶ್ರೇಷ್ಠತಾ ಕೇಂದ್ರ. ಕೈಯಲ್ಲಿರುವುದರ ಬಗ್ಗೆ ಮಾತು ಕಡಿಮೆ. ಫಲಿತಾಂಶ ಯಾವ ತಾರೀಖಿಗೆ? ಅಂಕಪಟ್ಟಿಯಲ್ಲಿ ಹೆಸರಿನ ಒಂದಕ್ಷರ ತಪ್ಪಿದರೆ ತಿದ್ದಿಕೊಡಲು ಎಷ್ಟು ದಿನ? ಅದಕ್ಕಾಗಿ ಹಡಗಲಿಯ ಹುಡುಗಿ ಬಳ್ಳಾರಿಗೇ ಬರಬೇಕೆ? ಹೊಸಪೇಟೆ–ಹರಿಹರ ರೈಲು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಯನ್ನು ಮುಟ್ಟುತ್ತದೆ. ಹಡಗಲಿಗೂ ಕೂಡ್ಲಿಗಿಗೂ ಬಸ್ಸೇ ಗತಿ. ಬೆಳಿಗ್ಗೆ ಮೊದಲ ಬಸ್ಸು ಹಿಡಿದು, ಹೊಸಪೇಟೆಯಲ್ಲಿ ಬಸ್ಸು ಬದಲಿಸಿ, ಕೌಂಟರಿನೆದುರು ನಿಂತವಳಿಗೆ ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ’ ಎಂದರೆ ಅವಳ ಕೂಲಿಯೂ ಹೋಯಿತು, ದಿನವೂ ಹೋಯಿತು. ಈ ಖರ್ಚನ್ನು ಲೆಕ್ಕ ಹಾಕುವ ಕಲಮು ಯಾವ ಯೋಜನೆಯಲ್ಲಿದೆ?

ಗುರಿ ಸ್ಪಷ್ಟವಿದ್ದರೆ ಯೋಜನೆ ಹೇಗಿರುತ್ತದೆಂಬುದಕ್ಕೆ ವಿಜಯನಗರ ಜಿಲ್ಲೆಯಲ್ಲೇ ಸಾಕ್ಷಿಯಿದೆ. 1991ರಲ್ಲಿ ಶುರುವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಚಂದ್ರಶೇಖರ ಕಂಬಾರರು ಮೊದಲ ಕುಲಪತಿ. ಪದವಿ ಕಾಲೇಜುಗಳ ಜಂಜಾಟ ಬೇಡ, ಕನ್ನಡ ನಾಡಿನ ಭಾಷೆ, ಬದುಕು, ಬುಡಕಟ್ಟು, ಶಾಸನಗಳ ಸಂಶೋಧನೆಯೇ ಕಸುಬು ಎಂದು ಮೊದಲೇ ಗೆರೆ ಎಳೆದುಕೊಂಡರು. ಪ್ರಸಾರಾಂಗದ ಪುಸ್ತಕಗಳು ಆ ಗೆರೆಯ ಫಲ. ಆಮೇಲೆ ಅನುದಾನ ಸೊರಗಿತು, ಸಂಶೋಧನಾರ್ಥಿಗಳು ಫೆಲೋಶಿಪ್ಪಿಗಾಗಿ ಧರಣಿ ಕೂತರು. ಅದು ಯೋಜನೆಯ ಸೋಲಲ್ಲ, ಹಣ ಕೊಡಬೇಕಾದವರ ಸೋಲು. ಎರಡನ್ನೂ ಬೆರೆಸಬಾರದು.

ಪದವಿ ಕಾಲೇಜುಗಳ ಜಂಜಾಟವಿರುವ ವಿಶ್ವವಿದ್ಯಾಲಯಕ್ಕೇ ಮರಳೋಣ. ಸರ್ಕಾರಿ ಪದವಿ ಕಾಲೇಜುಗಳ ಪಾಠ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ರಾಜ್ಯದಲ್ಲಿ ಅಂಥವರು ಹತ್ತು ಸಾವಿರಕ್ಕೂ ಹೆಚ್ಚು. ಅವರ ನೇಮಕ ಇಲಾಖೆಯದು, ಪರೀಕ್ಷೆಯ ದಿನಾಂಕ ವಿಶ್ವವಿದ್ಯಾಲಯದ್ದು. ನೇಮಕ ತಡವಾದರೆ ಪಾಠ ಮುಗಿಯುವುದಿಲ್ಲ. ಈ ಎರಡು ದಿನಾಂಕಗಳನ್ನು ಕೂಡಿಸಲಾಗದ ಯೋಜನೆ ಎಷ್ಟೇ ದಪ್ಪಗಿದ್ದರೂ ನನ್ನ ಮಟ್ಟಿಗೆ ಅನುತ್ತೀರ್ಣ.

ಮುಂದಿನ ಯೋಜನೆ ಬರೆಯುವವರು ಅದನ್ನು ಮೊದಲು ಕನ್ನಡದಲ್ಲಿ ಬರೆಯಲಿ, ಐದೂ ತಾಲ್ಲೂಕಿನ ಕಾಲೇಜು ಗ್ರಂಥಾಲಯಗಳಲ್ಲಿ ಒಂದೊಂದು ಪ್ರತಿ ಇಡಲಿ, ವಿದ್ಯಾರ್ಥಿಗಳ ಆಕ್ಷೇಪಣೆ ಕೇಳಿದ ಮೇಲೆಯೇ ಸಿಂಡಿಕೇಟಿನ ಮುಂದೆ ತರಲಿ.