ಗ್ರೇಸ್ ಮಾರ್ಕ್ಸ್ ಬೇಡದ ಬಿಸ್ಕೆಟ್

ಉಸ್ಮಾನಿಯಾ ಬಿಸ್ಕೆಟ್ಟಿನ ಗುಟ್ಟು ಇರುವುದು ಉಪ್ಪಿನಲ್ಲಿ. ನಾಲಿಗೆಗೆ ಮೊದಲು ಸಕ್ಕರೆ ಸಿಗಬೇಕು, ಅದು ಕರಗುವಷ್ಟರಲ್ಲಿ ಉಪ್ಪು ಬಂದು ಸೇರಿಕೊಳ್ಳಬೇಕು, ಎರಡಕ್ಕೂ ಬೆಣ್ಣೆ ಮಧ್ಯಸ್ಥಿಕೆ ವಹಿಸಬೇಕು. ಚಾರ್‌ಮಿನಾರ್ ಪಕ್ಕದ ನಿಮ್ರಾದಲ್ಲೋ ನಾಂಪಲ್ಲಿಯ ಸುಭಾನ್ ಬೇಕರಿಯಲ್ಲೋ ಒಲೆಯಿಂದ ಆಗಷ್ಟೇ ಇಳಿದದ್ದು ಕಂಡರೆ ಹೈದರಾಬಾದಿನವರು ಸುಮ್ಮನೆ ಮುಂದೆ ಹೋಗುವುದಿಲ್ಲ. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೆಸರು ಹೊತ್ತ ತಿನಿಸಿದು. ಉಸ್ಮಾನಿಯಾ ಆಸ್ಪತ್ರೆಯ ರೋಗಿಗಳಿಗೆಂದೇ ಇದನ್ನು ಮೊದಲು ಮಾಡಿಸಿದರು ಎಂಬ ಕತೆ ಊರಲ್ಲಿ ಓಡಾಡುತ್ತಿದೆ. ನಿಜವೋ ಸುಳ್ಳೋ, ರೋಗಿಗೆ ಇಷ್ಟು ಬೆಣ್ಣೆ ತಿನ್ನಿಸುವ ವೈದ್ಯರು ಸಿಕ್ಕರೆ ನಾನೂ ಎರಡು ದಿನ ಮಲಗಿ ಬರುತ್ತೇನೆ.

ಆ ಬೆಣ್ಣೆಯನ್ನೇ ತೆಗೆದರೆ ಬಿಸ್ಕೆಟ್ ಏನಾಗುತ್ತದೆ? ಈ ಪ್ರಶ್ನೆ ನಮ್ಮ ಮನೆಗೆ ಬಂದದ್ದು ಹೆಂಡತಿಯಿಂದ. ಕಲಬುರಗಿಯವಳು, ಮನೆ ತುಂಬ ಹೈನಿದ್ದ ಕಡೆ ಬೆಳೆದವಳು, ಹಾಲು ತುಪ್ಪ ಎಲ್ಲ ಬಿಟ್ಟುಬಿಟ್ಟಳು. ಯಾಕೆ ಬಿಟ್ಟಳು ಎನ್ನುವುದು ಅವಳ ವಿಷಯ. ನಾನು ಬಿಟ್ಟಿಲ್ಲ. ಫ್ರಿಜ್ಜಿನಲ್ಲಿ ನನ್ನ ಬೆಣ್ಣೆಗೊಂದು ಮೂಲೆ, ಅವಳ ಸೋಯಾ ಹಾಲಿಗೊಂದು ಮೂಲೆ. ಓವನ್ ಮಾತ್ರ ಒಂದೇ ಆದ್ದರಿಂದ ಅಲ್ಲಿ ಒಪ್ಪಂದ ಬೇಕಾಯಿತು: ಏನೇ ಬೇಯಲಿ, ಇಬ್ಬರೂ ತಿನ್ನುವ ಹಾಗಿರಬೇಕು. ಮತ್ತೊಂದು ಷರತ್ತನ್ನೂ ಅವಳೇ ಹಾಕಿದಳು. “ಹಾಲಿಲ್ದೇನೂ ಇಷ್ಟು ಬಂದದಲ್ಲ, ಅದೇ ದೊಡ್ಡದು ಅಂತಾರಲ್ಲ, ಅಂಥವ್ರಿಗೆ ಇನ್ನೊಂದ್ ಸಲ ಕೊಡಬ್ಯಾಡ್ರಿ.” ನನಗೂ ಅದೇ ಸರಿ ಕಂಡಿತು. ಮೂವತ್ತೈದಕ್ಕೆ ಎರಡು ಅಂಕ ಕಡಿಮೆ ಬಿದ್ದ ಹುಡುಗನನ್ನು ದಾಟಿಸುವ ಹಾಗೆ ದಾಟಿಸಿದ ಬಿಸ್ಕೆಟ್ಟನ್ನು ಯಾರೂ ಎರಡನೆಯ ಸಲ ಕೇಳುವುದಿಲ್ಲ.

ಹೆಂಡತಿಗಾಗಿ ಗಂಡ ಅಡುಗೆಮನೆಯಲ್ಲಿ ಪ್ರಯೋಗಕ್ಕಿಳಿಯುವುದು ಹೊಸದೇನಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆಲ್‌ಫ್ರೆಡ್ ಬರ್ಡ್ ಎಂಬ ಔಷಧಿ ವ್ಯಾಪಾರಿಯಿದ್ದ. ಅವನ ಹೆಂಡತಿಗೆ ಮೊಟ್ಟೆ ಆಗುತ್ತಿರಲಿಲ್ಲ, ಆಕೆಗೆ ಕಸ್ಟರ್ಡ್ ಎಂದರೆ ಪ್ರಾಣ. 1837ರಲ್ಲಿ ಅವನು ಮೆಕ್ಕೆಜೋಳದ ಗಂಜಿಪುಡಿಯಿಂದ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿ ಮಾಡಿದ. ಆಕೆಗೆ ಯೀಸ್ಟೂ ಆಗದೆಂದು 1843ರಲ್ಲಿ ಬೇಕಿಂಗ್ ಪೌಡರನ್ನೂ ಮಾಡಿದ. ಇವತ್ತು ಜಗತ್ತಿನ ಅರ್ಧ ಬೇಕರಿ ನಿಂತಿರುವುದು ಆ ಹೆಂಗಸಿನ ಅಜೀರ್ಣದ ಮೇಲೆ. ಉಸ್ಮಾನಿಯಾ ಬಿಸ್ಕೆಟ್ಟಿನ ತಿಳಿ ಹಳದಿಗೂ ವೆನಿಲ್ಲಾ ವಾಸನೆಗೂ ಬಹಳ ಮಂದಿ ಹಾಕುವುದು ಕಸ್ಟರ್ಡ್ ಪುಡಿಯನ್ನೇ. ಹಾಗಾಗಿ ಅರ್ಧ ಕೆಲಸವನ್ನು ಬರ್ಡ್ ಮಹಾಶಯ ಆಗಲೇ ಮುಗಿಸಿಟ್ಟಿದ್ದ. ಉಳಿದದ್ದು ಬೆಣ್ಣೆ.

ಬೆಣ್ಣೆಯಲ್ಲಿ ಸುಮಾರು ನೂರಕ್ಕೆ ಎಂಬತ್ತು ಪಾಲು ಕೊಬ್ಬು. ಮಿಕ್ಕದ್ದು ಹೆಚ್ಚಾಗಿ ನೀರು, ಜೊತೆಗೆ ಚೂರು ಹಾಲಿನ ಅಂಶ. ಕೊಬ್ಬಿಗೆ ಬದಲಿ ಹುಡುಕುವುದು ಸುಲಭ. ಆ ಚೂರು ಹಾಲಿನ ಅಂಶ ಇದೆಯಲ್ಲ, ತೊಂದರೆ ಕೊಡುವುದು ಅದು. ಓವನ್ನಿನ ಬಿಸಿಗೆ ಕೆಂಪಾಗಿ, ಬೀದಿಯ ತುದಿಗೂ ಬೇಕರಿ ಇದೆ ಎಂದು ಸಾರುವ ಪರಿಮಳ ಕೊಡುವುದೇ ಅದು. ಡಾಲ್ಡಾ ಹಾಕಿ ಎನ್ನುವವರಿದ್ದಾರೆ. ಅಗ್ಗದ ಬಿಸ್ಕೆಟ್ಟುಗಳು ಎಷ್ಟೋ ಕಾಲದಿಂದ ಬೆಣ್ಣೆಯ ಮುಖವನ್ನೇ ನೋಡಿಲ್ಲ, ಯಾರೂ ಅವನ್ನು ವೀಗನ್ ಎಂದು ಕೊಂಡಾಡಿಲ್ಲ. 2022ರಿಂದ ಇಂಥ ಕೊಬ್ಬಿನಲ್ಲಿ ಟ್ರಾನ್ಸ್ ಫ್ಯಾಟ್ ನೂರಕ್ಕೆ ಎರಡನ್ನು ಮೀರಬಾರದೆಂಬ ನಿಯಮ ಬಂದಿದೆ, ಸಂತೋಷ. ಆದರೆ ಅಂಗುಳಿಗೆ ಮೇಣ ಬಳಿದಂತಾಗುವುದಕ್ಕೆ ಯಾವ ನಿಯಮವೂ ಇಲ್ಲ.

ನಾನು ನಂಬಿರುವುದು ಕೊಬ್ಬರಿ ಎಣ್ಣೆಯನ್ನು. ಗಾಣದ್ದು ಬೇಡ, ಅದರ ಘಮಕ್ಕೆ ಬಿಸ್ಕೆಟ್ ಹೈದರಾಬಾದ್ ಬಿಟ್ಟು ಮಂಗಳೂರಿಗೆ ಹೊರಟುಬಿಡುತ್ತದೆ. ವಾಸನೆ ತೆಗೆದ ಎಣ್ಣೆ ಸಾಕು. ಅದು ಇಪ್ಪತ್ತನಾಲ್ಕು ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ನಮ್ಮ ಏಪ್ರಿಲ್ ನಲವತ್ತು ದಾಟುತ್ತದೆ. ಎಣ್ಣೆಯನ್ನು ಫ್ರಿಜ್ಜಿನಲ್ಲಿಟ್ಟು, ಬೆರಳಿಟ್ಟರೆ ಕುಳಿ ಬೀಳುವಷ್ಟು ಗಟ್ಟಿಯಾದ ಮೇಲೆ ಸಕ್ಕರೆ ಪುಡಿಯೊಂದಿಗೆ ತಿಕ್ಕಿದರೆ ಮಾತ್ರ ಅದರೊಳಗೆ ಗಾಳಿ ಹಿಡಿಯುತ್ತದೆ. ಎಣ್ಣೆ ಪೂರಾ ಕೊಬ್ಬಾದ್ದರಿಂದ ನೂರು ಗ್ರಾಂ ಬೆಣ್ಣೆಯ ಜಾಗಕ್ಕೆ ಎಂಬತ್ತು ಗ್ರಾಂ ಸಾಕು, ಕಳೆದುಹೋದ ನೀರಿಗೆ ಒಂದು ಚಮಚ ಸೋಯಾ ಹಾಲು. ಹಾಲಿನ ಪುಡಿಯ ಬದಲು ಹದವಾಗಿ ಹುರಿದ ಗೋಡಂಬಿಯ ಪುಡಿ. ಹಾಲಿನ ಪರಿಮಳ ಇದರಿಂದ ಬರುವುದಿಲ್ಲ, ಬರುವುದೂ ಬೇಡ. ಹುರಿದದ್ದರದೇ ಒಂದು ಸೊಗಸಿದೆ. ಉಪ್ಪು ಮಾತ್ರ ಬೆಣ್ಣೆಯ ಬಿಸ್ಕೆಟ್ಟಿಗಿಂತ ಒಂದು ಚಿಟಿಕೆ ಹೆಚ್ಚೇ ಇರಲಿ. 170 ಡಿಗ್ರಿಯಲ್ಲಿ ಹದಿನೈದು ನಿಮಿಷ ಬೆಂದ ಮೇಲೆ ತಟ್ಟೆಯಿಂದ ಎತ್ತಲು ಆತುರಪಡಬೇಡಿ. ಬಿಸಿಯಲ್ಲಿ ಅದು ಇನ್ನೂ ಹಸಿಗೂಸು, ಆರಿದ ಮೇಲೇ ಗಟ್ಟಿಯಾಗುವುದು.

ಕೇಕಿನಂಥ ತಿನಿಸಿಗೆ ಬೇಕಾಗುವ ಮೊಟ್ಟೆಯ ವಿಷಯ ಬೆಣ್ಣೆಗಿಂತ ಹಗುರ. ಅಗಸಿ ಹಿಂಡಿ ತಿಂದು ಬೆಳೆದವರಿಗೆ ಅಗಸೆಯ ಅಂಟು ಗೊತ್ತೇ ಇದೆ: ಒಂದು ಚಮಚ ಪುಡಿಗೆ ಮೂರು ಚಮಚ ನೀರು ಹಾಕಿ ಬಿಟ್ಟರೆ ಕೇಕಿಗೆ ಒಂದು ಮೊಟ್ಟೆಯಷ್ಟು ಹಿಡಿತ. ನೊರೆ ಬೇಕೆಂದರೆ ಕಾಬೂಲಿ ಕಡಲೆಯ ಕಟ್ಟು. 2014ರಲ್ಲಿ ಫ್ರಾನ್ಸಿನ ಜೋಯೆಲ್ ರೋಸೆಲ್ ಎಂಬ ಹಾಡುಗಾರ ಬೇಯಿಸಿದ ಕಾಳಿನ ನೀರನ್ನು ಕಡೆದರೆ ಮೊಟ್ಟೆಯ ಬಿಳಿಯ ಹಾಗೆ ಉಬ್ಬುತ್ತದೆಂದು ತೋರಿಸಿದ. ಹೋಳಿಗೆಯ ದಿನ ಕಟ್ಟಿನ ಸಾರು ಕಾಯಿಸಿದವರೆಲ್ಲ ಆ ನೊರೆ ನೋಡಿದ್ದಾರೆ, ಸೌಟಿನಲ್ಲಿ ತೆಗೆದು ಚೆಲ್ಲಿದ್ದಾರೆ.

ಇನ್ನು ಹೆಂಡತಿಯ ಸೈಕಲ್, ನಮ್ಮ ಬಿಸ್ಕೆಟ್ ಕೊನೆಗೆ ಹೋಗಿ ಸೇರಿದ್ದು ಅಲ್ಲಿಗೇ. ಹೈದರಾಬಾದಿನ ಮಣಿಕೊಂಡದ ನಮ್ಮ ಮನೆಯಿಂದ ಭಾನುವಾರ ಬೆಳಕು ಹರಿಯುವ ಮೊದಲೇ ಅವಳು ಹೊರಡುತ್ತಾಳೆ. ಹೊರವರ್ತುಲ ರಸ್ತೆಯ ಪಕ್ಕ 2023ರ ಅಕ್ಟೋಬರಿನಲ್ಲಿ ತೆರೆದ 23 ಕಿಲೋಮೀಟರಿನ ಸೈಕಲ್ ದಾರಿಯಿದೆ, ತಲೆಯ ಮೇಲೆ ಸೌರ ಫಲಕಗಳ ಮಾಡು. ಅದು ಬೇಸರವಾದ ದಿನ ಗಂಡಿಪೇಟೆ. 1908ರ ಮೂಸಿ ಪ್ರವಾಹದ ನಂತರ ನಮ್ಮ ವಿಶ್ವೇಶ್ವರಯ್ಯನವರು ಹಾಕಿಕೊಟ್ಟ ಯೋಜನೆಯಂತೆ 1920ರಲ್ಲಿ ಮುಗಿದ ಜಲಾಶಯ. ಹೆಸರು ಉಸ್ಮಾನ್ ಸಾಗರ. ನಿಜಾಮ ಕೆರೆಯಲ್ಲೂ ಇದ್ದಾನೆ, ಬಿಸ್ಕೆಟ್ಟಿನಲ್ಲೂ ಇದ್ದಾನೆ.

ಅವಳ ಸೈಕಲ್ ಗುಂಪು ದೇಣಿಗೆಗಾಗಿಯೂ ತುಳಿಯುತ್ತದೆ. ಅಂಥ ಸವಾರಿಗಳ ಬಗ್ಗೆ ನನಗೆ ಅಷ್ಟೇನೂ ಭಕ್ತಿ ಇರಲಿಲ್ಲ. ಕಿಲೋಮೀಟರಿಗೆ ಇಷ್ಟು ಕೊಡಿ ಎಂದು ನೆಂಟರಿಷ್ಟರ ಬಳಿ ಎತ್ತಿದ ಹಣ ಎಷ್ಟೋ ಸಲ ತುಳಿಯುವವರ ಜೆರ್ಸಿಯ ಖರ್ಚಿಗೂ ಸಮವಾಗುವುದಿಲ್ಲ. ಆದರೆ ಇದೇ ಊರಿನ ಆದಿತ್ಯ ಮೆಹ್ತಾ ಅವರನ್ನು ನೋಡಿ. ರಸ್ತೆ ಅಪಘಾತದಲ್ಲಿ ಕಾಲು ಕಳೆದುಕೊಂಡು, ಸೈಕಲ್ ಹತ್ತಿ, 2013ರ ಏಷ್ಯನ್ ಪ್ಯಾರಾ ಸೈಕ್ಲಿಂಗಿನಲ್ಲಿ ಬೆಳ್ಳಿ ಗೆದ್ದವರು. ಅವರ ಹೆಸರಿನ ಪ್ರತಿಷ್ಠಾನ ಇನ್ಫಿನಿಟಿ ರೈಡ್ ನಡೆಸಿ ಕೂಡಿಸಿದ ಹಣ ಅಂಗವಿಕಲ ಕ್ರೀಡಾಪಟುಗಳ ತರಬೇತಿಗೆ ಹೋಗುತ್ತದೆ. 2020ರಲ್ಲಿ ಅವರ ತಂಡ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ತುಳಿಯಿತು. ಆ ಪ್ರತಿಷ್ಠಾನದಲ್ಲಿ ಪಳಗಿದ ಅರ್ಷದ್ ಶೇಖ್ ಮತ್ತು ಜ್ಯೋತಿ ಗಡೇರಿಯಾ 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ಸ್ಪರ್ಧಿಸಿದರು. ಪ್ಯಾರಾಲಿಂಪಿಕ್ಸಿನ ಸೈಕ್ಲಿಂಗಿಗೆ ಭಾರತದಿಂದ ಹೋದ ಮೊದಲಿಗರು ಅವರು. ಅಲ್ಲಿ ಗಡಿಯಾರ ಯಾರ ಮೇಲೂ ಕನಿಕರ ತೋರಿಸುವುದಿಲ್ಲ.

ನನ್ನವಳು ಆಗಾಗ ಎರಡು ಸೀಟಿನ ಟ್ಯಾಂಡಮ್ ಸೈಕಲ್ಲಿಗೆ ಪೈಲಟ್ ಆಗುತ್ತಾಳೆ. ಹಿಂದಿನ ಸೀಟಿನಲ್ಲಿ ಕಣ್ಣು ಕಾಣದ ಒಬ್ಬ ಬ್ಯಾಂಕ್ ನೌಕರರು. ಎರಡೂ ಜೊತೆ ಪೆಡಲ್‌ಗಳನ್ನು ಒಂದು ಚೈನು ಕಟ್ಟಿಹಾಕಿರುವುದರಿಂದ ಮುಂದಿನವರು ಕಾಲು ನಿಲ್ಲಿಸಿದರೆ ಹಿಂದಿನವರ ಕಾಲೂ ಗಕ್ಕನೆ ನಿಲ್ಲುತ್ತದೆ. ಆದ್ದರಿಂದ ಎಲ್ಲವನ್ನೂ ಮೊದಲೇ ಕೂಗಿ ಹೇಳಬೇಕು: ಗೇರ್, ಬ್ರೇಕ್, ಎಡಕ್ಕೆ, “ಆಗೇ ಗಡ್ಡಾ ಹೈ.” ಮೊದಮೊದಲು ಹಿಂದಿರುವವರಿಗೆ ಏನಾದರೂ ಆದೀತೆಂದು ಇವಳು ಹೆಜ್ಜೆಗೊಮ್ಮೆ ಬ್ರೇಕ್ ಒತ್ತುತ್ತಿದ್ದಳಂತೆ. ಅವರು ಗಂಡಿಪೇಟೆಯ ಇಳಿಜಾರಿನವರೆಗೆ ತಾಳಿಕೊಂಡು, “ಮೇಡಂ, ಬ್ರೇಕ್ ಥೋಡಾ ಕಮ್ ಮಾರೋ, ಮಜಾ ಖರಾಬ್ ಹೋರಾ” ಎಂದರಂತೆ. ಮನೆಗೆ ಬಂದವಳು ಸುಲೈಮಾನಿ ಚಹಾದಲ್ಲಿ ನನ್ನ ಬಿಸ್ಕೆಟ್ ಅದ್ದುತ್ತ ಇದನ್ನು ಹೇಳಿದಳು, ಹೇಳುತ್ತಲೇ ಬಿಸ್ಕೆಟ್ ಲೋಟದೊಳಗೆ ಮುರಿದುಬಿತ್ತು. “ನಿಮ್ದು ಇನ್ನೂ ಪಾಸ್ ಆಗಿಲ್ರಿ,” ಎಂದಳು. ಮೈದಾ ಒಂದು ಚಮಚ ಹೆಚ್ಚಿಸಿದೆ.

ಗುಂಪಿನ ಕಳೆದ ದೇಣಿಗೆ ಸವಾರಿ ಮುಗಿಯುವಲ್ಲಿ ಮೇಜು ಹಾಕಿ ಆ ಬಿಸ್ಕೆಟ್ ಮಾರಿದರು. ಡಬ್ಬದ ಮೇಲೆ ವೀಗನ್ ಎಂದಾಗಲಿ ಸೇವಾರ್ಥ ಎಂದಾಗಲಿ ಬರೆಯಬಾರದೆಂದು ಅವಳ ಹಠ. ಒಳಗೇನಿದೆ ಎಂಬ ಚೀಟಿ ಅಡಿಯಲ್ಲಿತ್ತು. ಬೆಳಗಿನ ವಾಕಿಂಗಿಗೆ ಬಂದ ಹಿರಿಯರೊಬ್ಬರು ಒಂದು ಡಬ್ಬ ಅಲ್ಲೇ ಕುಳಿತು ಖಾಲಿ ಮಾಡಿದರು, ಎರಡನೆಯದನ್ನು ಕೈಗೆತ್ತಿಕೊಂಡು ಬೆಣ್ಣೆ ಯಾವ ಡೈರಿಯದು ಎಂದು ವಿಚಾರಿಸಿದರು. ಬೆಣ್ಣೆಯೇ ಇಲ್ಲ ಎಂದಳು. ಡಬ್ಬ ತಿರುಗಿಸಿ ಚೀಟಿ ಓದಿದರು. “ಮಸ್ಕಾ ನೈ ತೋ ರೇಟ್ ಕಮ್ ಕರೋ ನಾ!” ಅವಳು ಒಂದು ರೂಪಾಯಿಯೂ ಇಳಿಸಲಿಲ್ಲ. ಗೋಡಂಬಿ ಕಿಲೋಗೆ ಎಷ್ಟಾಗಿದೆ ಗೊತ್ತಾ ಎಂದು ಅವರನ್ನೇ ಕೇಳಿದಳು.