‘ಥೈಮಸ್ ಪಾಠಶಾಲೆ’ ಎಂಬ ರೂಪಕದ ವಿಚಾರ

ಶಾಸ್ತ್ರಗದ್ಯದಲ್ಲಿ ಅಲಂಕಾರಕ್ಕೆ ಎಡೆಯಿಲ್ಲವೆಂದು ಹೇಳುವವರುಂಟು. ಆದರೂ ಪ್ರಾಣಿಗಳ ರೋಗರಕ್ಷಕ ಕಣಗಳ ಬೆಳವಣಿಗೆಯನ್ನು ತಿಳಿಸುವ ಪಠ್ಯಗಳಲ್ಲಿ, ಎದೆಯೆಲುಬಿನ ಹಿಂದಿರುವ ಥೈಮಸ್ ಗ್ರಂಥಿಯನ್ನು ಪಾಠಶಾಲೆಯೆಂದೂ ಅಲ್ಲಿ ಪಕ್ವವಾಗುವ ಟಿ-ಕಣಗಳನ್ನು ವಿದ್ಯಾರ್ಥಿಗಳೆಂದೂ ಕರೆಯುವುದು ರೂಢಿಯಾಗಿದೆ. ಈ ರೂಪಕವು ಅರ್ಥವನ್ನು ಬೆಳಗುವುದೋ ಮರೆಸುವುದೋ ಎಂಬುದನ್ನು ಪರೀಕ್ಷಿಸುವುದು ಯುಕ್ತ.

ಈ ವಿಷಯಕ್ಕೆ ತಳಹದಿಯಾದುದು ಜಾಕ್ ಮಿಲ್ಲರ್ ಎಂಬ ವಿದ್ವಾಂಸರು ೧೯೬೧ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ. ಹುಟ್ಟಿದ ದಿನವೇ ಥೈಮಸನ್ನು ತೆಗೆದುಹಾಕಿದ ಇಲಿಮರಿಗಳಲ್ಲಿ ಲಿಂಫಕಣಗಳು ಕುಂದಿದುವು. ಅನ್ಯವಂಶದ ಇಲಿಯ ಚರ್ಮವನ್ನು ಕಸಿಮಾಡಿದರೆ ಅದನ್ನು ನಿರಾಕರಿಸುವ ಶಕ್ತಿಯು ಅವಕ್ಕಿರಲಿಲ್ಲ. ಬೆಳೆದ ಇಲಿಗಳಲ್ಲಿ ಅದೇ ಶಸ್ತ್ರಕ್ರಿಯೆಯಿಂದ ಅಂತಹ ಹಾನಿ ತೋರಲಿಲ್ಲ. ಅದುವರೆಗೆ ನಿಷ್ಪ್ರಯೋಜಕವೆಂದು ಅನೇಕರು ಎಣಿಸಿದ್ದ ಅಂಗಕ್ಕೆ ಹೀಗೆ ಅರ್ಥವೊದಗಿತು. ಪಾಠಶಾಲೆಯ ಮಾತು ಇದರ ಮೇಲೆ ಬೆಳೆದ ಅಲಂಕಾರ.

ರೂಪಕಕ್ಕೆ ಪ್ರಾಣವಾದದ್ದು ಉಪಮಾನೋಪಮೇಯಗಳ ಸಾಧಾರಣಧರ್ಮ. ಪಾಠಶಾಲೆಯ ಧರ್ಮ ಕಲಿಸುವುದು. ಥೈಮಸಿನಲ್ಲಾದರೋ ಯಾವ ಕಣವೂ ಏನನ್ನೂ ಕಲಿಯುವುದಿಲ್ಲ. ಪ್ರತಿಯೊಂದು ಕಣವೂ ತನ್ನ ಗ್ರಾಹಕವನ್ನು ಜೀನುಗಳ ಯಾದೃಚ್ಛಿಕ ಜೋಡಣೆಯಿಂದ ತಾನೇ ಪಡೆಯುತ್ತದೆ. ಸ್ವದೇಹದ ಗುರುತನ್ನು ಸ್ವಲ್ಪವೂ ಹಿಡಿಯಲಾರದ ಕಣ ಸಾಯುತ್ತದೆ. ಅತಿಯಾಗಿ ಹಿಡಿಯುವ ಕಣವೂ ಬಹುಮಟ್ಟಿಗೆ ಸಾಯುತ್ತದೆ. ನೂರರಲ್ಲಿ ಐದಾದರೂ ಹೊರಬರುವುದು ದುರ್ಲಭ. ಇದು ಬೋಧನೆಯಲ್ಲ, ಆಯ್ಕೆ. ಹೋಲಿಕೆ ಬೇಕೇಬೇಕೆಂದರೆ ಜರಡಿಯೇ ಲೇಸು.

ಎರಡನೆಯ ದೋಷ ಕಾಲಕ್ಕೆ ಸಂಬಂಧಿಸಿದುದು. ಶಾಲೆಯೆಂದೊಡನೆ ಮಗು ಹುಟ್ಟಿ ಬೆಳೆದಮೇಲಿನ ಮಾತೆಂಬ ಭಾವನೆ ಮೂಡುತ್ತದೆ. ವಾಸ್ತವವಾಗಿ ಕಣಗಳ ಪೂರ್ವಜರು ಭ್ರೂಣಾವಸ್ಥೆಯಲ್ಲಿಯೇ ಯಕೃತ್ತಿನಿಂದ ಥೈಮಸಿಗೆ ಬರುತ್ತವೆ. ಜನನಾನಂತರ ಅಸ್ಥಿಮಜ್ಜೆಯಿಂದ ಬರುತ್ತವೆ. ಇಲಿಯ ಹೊರಚರ್ಮದಲ್ಲಿ ನೆಲಸುವ ಒಂದು ಬಗೆಯ ಟಿ-ಕಣವಂತೂ ಭ್ರೂಣದ ಥೈಮಸಿನಲ್ಲಿಯೇ ಹುಟ್ಟತಕ್ಕದ್ದು. ಬೆಳೆದ ಇಲಿಯ ಥೈಮಸಿನಲ್ಲಿ ಅದು ಹುಟ್ಟುವುದಿಲ್ಲ. ಮನುಷ್ಯನಲ್ಲಿ ಟಿ-ಕಣಗಳು ಜನನಕ್ಕೆ ಎಷ್ಟೋ ಮೊದಲೇ ದೇಹದಲ್ಲಿ ಹರಡಿರುತ್ತವೆ. ಆದಕಾರಣ ‘ನವಜಾತ’ ಎಂಬ ಒಂದೇ ಪದವು ಇಲಿಗೂ ಮನುಷ್ಯನಿಗೂ ಒಂದೇ ಅವಸ್ಥೆಯನ್ನು ಸೂಚಿಸಲಾರದು.

ಹೆಸರಿನ ತಪ್ಪನ್ನು ಕ್ಷಮಿಸುವಂತೆ ರೂಪಕದ ತಪ್ಪನ್ನೂ ಕ್ಷಮಿಸಬಾರದೆ ಎಂದು ಕೇಳಬಹುದು. ಕೋಳಿಯ ‘ಬರ್ಸಾ’ ಎಂಬ ಚೀಲವನ್ನು ತೆಗೆದರೆ ಪ್ರತಿಕಾಯಗಳು ಹುಟ್ಟವೆಂದು ೧೯೫೬ರಲ್ಲಿ ಗ್ಲಿಕ್ ಮೊದಲಾದವರು ತೋರಿಸಿದರು. ‘ಬಿ-ಕಣ’ದ ಹೆಸರು ಆ ಚೀಲದಿಂದ ಬಂದುದು. ಆ ಚೀಲವೇ ಇಲ್ಲದ ಸ್ತನಿಗಳಿಗೂ ಆ ಹೆಸರೇ ನಿಂತಿದೆ, ಹಾನಿಯೇನೂ ಆಗಿಲ್ಲ. ಏಕೆಂದರೆ ಒಂಟಿ ಅಕ್ಷರವು ಏನನ್ನೂ ಪ್ರತಿಪಾದಿಸುವುದಿಲ್ಲ. ರೂಪಕವಾದರೋ ಪ್ರತಿಪಾದಿಸುತ್ತದೆ, ಓದುವವನು ಅದನ್ನು ನಂಬುತ್ತಾನೆ.

ಕನ್ನಡದಲ್ಲಿ ಶಾಸ್ತ್ರವನ್ನು ಬರೆಯುವವರು ಪರಭಾಷೆಯ ಪದವನ್ನು ತರುವಾಗ ವಹಿಸುವ ಎಚ್ಚರವನ್ನು ಅದರ ಅಲಂಕಾರವನ್ನು ತರುವಾಗಲೂ ವಹಿಸತಕ್ಕದ್ದು.