ಲೆಡ್ವಿಜ್‌ನ ಕಪ್ಪು ಹಸು

ಒಂದನೆಯ ಮಹಾಯುದ್ಧದ ಕವಿಗಳೆಂದರೆ ನಮಗೆ ಮೊದಲು ನೆನಪಾಗುವವರು ವಿಲ್‌ಫ್ರೆಡ್ ಓವೆನ್, ಸಿಗ್‌ಫ್ರೀಡ್ ಸಸೂನ್, ರೂಪರ್ಟ್ ಬ್ರೂಕ್. ಕಂದಕ, ಕೆಸರು, ವಿಷಾನಿಲ ಇವೇ ಆ ಕಾವ್ಯದ ಗುರುತುಗಳೆಂದು ನಾವು ಓದಿ ಬೆಳೆದಿದ್ದೇವೆ. ಈ ಗುರುತುಗಳನ್ನು ಅರಸುತ್ತ ಐರ್ಲೆಂಡಿನ ಫ್ರಾನ್ಸಿಸ್ ಲೆಡ್ವಿಜ್‌ನನ್ನು ಓದಹೊರಟವರಿಗೆ ನಿರಾಶೆ ಕಾದಿರುತ್ತದೆ. ಗಲಿಪೊಲಿ, ಸರ್ಬಿಯ, ಫ್ಲಾಂಡರ್ಸ್‌ಗಳ ರಣರಂಗವನ್ನು ಕಂಡ ಈ ಸಿಪಾಯಿಯ ಕವಿತೆಗಳಲ್ಲಿ ಬಂದೂಕಿನ ಸದ್ದು ಅಪರೂಪ. ಅಲ್ಲಿರುವುದು ಕರಿಹಕ್ಕಿಯ ಕೂಗು, ಬೇಲಿಯ ಹೂವು, ಬಾಯ್ನ್ ನದಿಯ ದಂಡೆ. ಹೀಗಾಗಿ ಅವನನ್ನು ಯುದ್ಧಕ್ಕೆ ಬೆನ್ನು ತಿರುಗಿಸಿದ ಹಳ್ಳಿಗಾಡಿನ ಕವಿಯೆಂದು ಬದಿಗಿರಿಸುವವರಿದ್ದಾರೆ. ಈ ತೀರ್ಪನ್ನು ನಾವು ಒಪ್ಪುವುದಿಲ್ಲ.

ಲೆಡ್ವಿಜ್ 1887ರಲ್ಲಿ ಮೀತ್ ಪ್ರಾಂತದ ಸ್ಲೇನ್ ಎಂಬ ಊರಿನಲ್ಲಿ ಹುಟ್ಟಿದನು. ಅದು ಹೊಲದ ಒಡೆಯರ ಮನೆಯಲ್ಲ; ತಂದೆ ಕೃಷಿಕೂಲಿ. ಆತನು ತೀರಿಕೊಂಡ ಮೇಲೆ ತಾಯಿ ನೆರೆಯವರ ಹೊಲಗಳಲ್ಲಿ ದುಡಿದು ಮಕ್ಕಳನ್ನು ಸಾಕಿದಳು. ಎಳವೆಯಲ್ಲೇ ಶಾಲೆ ಬಿಟ್ಟ ಮಗ ಹೊಲದಲ್ಲಿ, ರಸ್ತೆಯಲ್ಲಿ, ತಾಮ್ರದ ಗಣಿಯಲ್ಲಿ ಕೆಲಸ ಮಾಡಿದನು. ಐರ್ಲೆಂಡಿನಲ್ಲಿ ಕಡ್ಡಾಯ ಸೈನ್ಯಸೇವೆ ಜಾರಿಗೆ ಬರಲೇ ಇಲ್ಲ. ಆದರೂ ಸುಮಾರು 2 ಲಕ್ಷ ಐರಿಷರು ಆ ಯುದ್ಧದಲ್ಲಿ ಬ್ರಿಟಿಷ್ ಸಮವಸ್ತ್ರ ತೊಟ್ಟರು. ಬಡಮನೆಯ ಮಕ್ಕಳನ್ನು ಸಂಬಳ ಎಳೆಯಿತು, ಕೆಲವರನ್ನು ಸ್ವಯಮಾಡಳಿತದ ಭರವಸೆ ಎಳೆಯಿತು. ರಾಷ್ಟ್ರೀಯವಾದಿಯಾದ ಲೆಡ್ವಿಜ್ ಮೊದಲು ವಿರೋಧಿಸಿ, 1914ರ ಅಕ್ಟೋಬರಿನಲ್ಲಿ ತಾನೇ ಸೇರಿದನು. ತನ್ನ ನಾಡಿಗೂ ನಾಗರಿಕತೆಗೂ ವೈರಿಯಾದವನನ್ನು ಇನ್ನೊಬ್ಬರು ತಡೆದು ನಿಂತಿರುವಾಗ ತಾನು ಮನೆಯಲ್ಲಿ ಕೂರಲಾರೆ ಎಂಬುದು ಅವನು ಕೊಟ್ಟ ಕಾರಣ. ಪ್ರೇಮಭಂಗವೇ ಕಾರಣವೆಂದು ಹೇಳುವವರೂ ಇದ್ದಾರೆ. ಕಾವ್ಯವಿಚಾರಕ್ಕೆ ಅದರಿಂದ ಹೆಚ್ಚೇನೂ ದಕ್ಕುವುದಿಲ್ಲ.

1916ರ ಈಸ್ಟರ್ ವಾರದಲ್ಲಿ ಡಬ್ಲಿನ್‌ನಲ್ಲಿ ಬಂಡಾಯವೆದ್ದಿತು. ಅದರ ನಾಯಕರಲ್ಲೊಬ್ಬನಾದ ಕವಿ ಥಾಮಸ್ ಮ್ಯಾಕ್‌ಡೊನಾನನ್ನು ಮೇ 3ರಂದು ಬ್ರಿಟಿಷ್ ಸೇನೆ ಗುಂಡಿಟ್ಟು ಕೊಂದಿತು. ಅದೇ ಸೇನೆಯ ಸಮವಸ್ತ್ರದಲ್ಲಿದ್ದ ಲೆಡ್ವಿಜ್ ಅವನಿಗಾಗಿ ಹನ್ನೆರಡು ಸಾಲಿನ ಒಂದು ಶೋಕಗೀತೆ ಬರೆದನು. ಅವನ ಕಾವ್ಯವನ್ನು ಅಳೆಯಬೇಕಾದದ್ದು ಈ ಹನ್ನೆರಡು ಸಾಲುಗಳಿಂದ.

ಕವಿತೆ ತೊಡಗುವುದು ಜೌಗುನೆಲದ ಬಿಟ್ಟರ್ನ್ ಎಂಬ ಹಕ್ಕಿಯ ಕೂಗಿನಿಂದ. ಸತ್ತವನು ಅದನ್ನು ಇನ್ನು ಕೇಳಲಾರ. ಈ ಹಕ್ಕಿ ಸುಮ್ಮನೆ ಬಂದದ್ದಲ್ಲ: ಬಿಟ್ಟರ್ನ್‌ನ ಸಾವನ್ನು ಕುರಿತ ಹಳೆಯ ಐರಿಷ್ ಹಾಡೊಂದನ್ನು ಇಂಗ್ಲಿಷಿಗೆ ತಂದವನೇ ಮ್ಯಾಕ್‌ಡೊನಾ. ಛಂದಸ್ಸಿನಲ್ಲೂ ಅಂಥದೇ ಸೂಕ್ಷ್ಮವಿದೆ. ಒಂದು ಸಾಲಿನ ಕೊನೆಯ ಪದಕ್ಕೆ ಮುಂದಿನ ಸಾಲಿನ ನಡುವೆ ಪ್ರಾಸ ಕೂಡಿಬರುತ್ತದೆ. ಇದು ಇಂಗ್ಲಿಷಿನ ರೂಢಿಯಲ್ಲ, ಐರಿಷ್ ಪದ್ಯದ ನಡೆ. ಇಂಗ್ಲಿಷಿನಲ್ಲಿ ಬರೆದರೂ ಐರಿಷ್ ಕಿವಿ ಉಳಿಯಬಲ್ಲುದೆಂದು ಮ್ಯಾಕ್‌ಡೊನಾ ತನ್ನ ವಿಮರ್ಶೆಯಲ್ಲಿ ವಾದಿಸಿದ್ದನು. ಶಿಷ್ಯಸಮಾನನಾದ ಲೆಡ್ವಿಜ್ ಆ ವಾದವನ್ನೇ ಅವನ ಸಮಾಧಿಯ ಮೇಲೆ ಹೂವಾಗಿ ಇಟ್ಟಿದ್ದಾನೆ. ಅರ್ಜಿ ಬರೆಯುವ ಭಾಷೆ ಒಂದು, ಹಟ್ಟಿಯಲ್ಲಿ ದನವನ್ನು ಕರೆಯುವ ಭಾಷೆ ಇನ್ನೊಂದು ಆಗಿರುವ ಗಡಿನಾಡಿನ ಓದುಗರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಕೊನೆಯ ನಾಲ್ಕು ಸಾಲುಗಳಲ್ಲಿ ಒಂದು ಕಪ್ಪು ಹಸು ಬರುತ್ತದೆ. ಐರಿಷ್ ಹಾಡುಗಳಲ್ಲಿ ನಾಡನ್ನು ದನದ ಹೆಸರಿನಿಂದ ಕರೆಯುವ ಪದ್ಧತಿಯಿತ್ತು. ಈ ಹಸುವೇ ಐರ್ಲೆಂಡ್. ಅದು ಕಳೆ ಮುಸುಕಿದ ಬಡ ಗೋಮಾಳವನ್ನು ಬಿಟ್ಟು ಸೊಂಪಾದ ಹುಲ್ಲುಗಾವಲಿಗೆ ಹೋದಾಗ, ಅದರ ಬೆಳಗಿನ ಕೂಗು ಅವನಿಗೆ ಕೇಳಿಸಬಹುದೇನೋ ಎನ್ನುತ್ತಾನೆ ಕವಿ. ಅದುವರೆಗೆ ‘ಕೇಳಲಾರ, ಅರಿಯಲಾರ’ ಎಂದು ನಡೆದ ಪದ್ಯ ಇಲ್ಲಿ ಒಂದು ಅನುಮಾನದ ಪದದ ಮೇಲೆ ಹೊರಳಿಕೊಳ್ಳುತ್ತದೆ. ನಮ್ಮ ತುರುಗೋಳಿನ ವೀರಗಲ್ಲುಗಳನ್ನು ನೆನೆಯಬಹುದು. ಅಲ್ಲಿ ಹಸುಗಳು ಕೆಳಗಿನ ಪಟ್ಟಿಕೆಯಲ್ಲಿ ಉಳಿಯುತ್ತವೆ, ಮಡಿದವನು ಅಪ್ಸರೆಯರೊಡನೆ ಮೇಲಕ್ಕೆ ಹೋಗುತ್ತಾನೆ. ಲೆಡ್ವಿಜ್ ಮೇಲಿನ ಪಟ್ಟಿಕೆಯನ್ನು ಕೆತ್ತಲೇ ಇಲ್ಲ. ಅವನ ವೀರನು ನೆಲದಲ್ಲೇ ಮಲಗಿ, ಹಸುವಿನ ಕೂಗಿಗೆ ಕಿವಿಗೊಟ್ಟಿದ್ದಾನೆ. ಸಿಪಾಯಿಯೊಬ್ಬನು ತನ್ನ ಸೇನೆಯೇ ಕೊಂದವನನ್ನು ಅಳುವ ಈ ಪದ್ಯ ಯುದ್ಧಕಾವ್ಯವಲ್ಲದೆ ಮತ್ತೇನು?

ಎಲ್ಲವೂ ಈ ಮಟ್ಟದ್ದೆಂದು ನಾವು ಹೇಳುವುದಿಲ್ಲ. ‘ಸ್ವಗತ’ ಎಂಬ ಅರ್ಥದ ಹೆಸರುಳ್ಳ ಕವಿತೆಯಲ್ಲಿ ಕವಿಯ ಕೀರ್ತಿಗಿಂತ ಹೆಸರಿಲ್ಲದ ಗೋರಿ ದೊಡ್ಡದೆನ್ನುತ್ತಾನೆ. ಖಡ್ಗ, ಹೃದಯ, ಕೀರ್ತಿ ಎಂಬ ದೊಡ್ಡ ನಾಮಪದಗಳೇ ಅಲ್ಲಿವೆ. ಸ್ಲೇನ್‌ನ ಒಂದು ಮುಳ್ಳುಗಿಡವೂ ಇಲ್ಲ. ಕವಿತೆ ಸಡಿಲವಾಗಿರುವುದು ಅದಕ್ಕೇ. 1917ರ ‘ಸಾಂಗ್ಸ್ ಆಫ್ ಪೀಸ್’ ಸಂಗ್ರಹದ ವಿಷಯ ಬೇರೆ. ಹೆಸರು ಶಾಂತಿಗೀತಗಳೆಂದು, ಒಳಗಿನ ಭಾಗಗಳೋ ಬ್ಯಾರಕ್ಕು, ಶಿಬಿರ, ಕಡಲು, ಸರ್ಬಿಯ, ಗ್ರೀಸ್, ಈಜಿಪ್ಟಿನ ಆಸ್ಪತ್ರೆ. ಕವಿತೆಯೊಳಗೆ ಇಲ್ಲದ ಯುದ್ಧ ಪರಿವಿಡಿಯಲ್ಲಿ ದಾಖಲಾಗಿದೆ. ಹಾಗೆ ಓದಿದಾಗ ಪ್ರತಿಯೊಂದು ಕರಿಹಕ್ಕಿಯೂ ಎಷ್ಟು ದೂರದಿಂದ ಕೇಳಿಸುತ್ತಿದೆ ಎಂಬುದು ತಿಳಿಯುತ್ತದೆ. ಈ ಪುಸ್ತಕಗಳಿಗೆ ಮುನ್ನುಡಿ ಬರೆದ ಲಾರ್ಡ್ ಡನ್ಸೇನಿ ಅವನ ಪೋಷಕ, ನೆರೆಯ ಜಮೀನ್ದಾರ, ಅದೇ ರೆಜಿಮೆಂಟಿನ ಕ್ಯಾಪ್ಟನ್. ಈಸ್ಟರ್ ವಾರದಲ್ಲಿ ಬಂಡಾಯಗಾರರಿಂದ ಗಾಯಗೊಂಡವನು. ಉಪಕಾರಿಯೇ ಸರಿ, ಆದರೆ ‘ಹಳ್ಳಿಯ ಹಕ್ಕಿ’ ಎಂಬ ಚಿತ್ರ ನೆಲೆಯೂರಿದ್ದರಲ್ಲಿ ಅವನ ಪಾಲು ದೊಡ್ಡದು.

1917ರ ಜುಲೈ 31ರಂದು ಬೆಲ್ಜಿಯಮ್ಮಿನ ಬುಸಿಂಗೆಯ ಬಳಿ ಸೇನೆಗಾಗಿ ರಸ್ತೆ ಹಾಕುತ್ತಿದ್ದಾಗ ಶೆಲ್ ಬಿದ್ದು ಲೆಡ್ವಿಜ್ ಸತ್ತನು. ಊರಿನಲ್ಲಿ ಮಾಡಿದ ಕೆಲಸವೇ ಅದು. ಅದೇ ದಿನ, ಅದೇ ಕದನದಲ್ಲಿ ವೇಲ್ಸಿನ ರೈತಮನೆಯ ಮಗ, ಹೆದ್ ವಿನ್ ಎಂಬ ಕಾವ್ಯನಾಮದ ಕವಿಯೂ ಮಡಿದನು. ತಮ್ಮನು ಹೋಗಬೇಕಾಗಬಾರದೆಂದು ತಾನು ಹೋದವನು ಅವನು. ವೆಲ್ಷ್ ಭಾಷೆಯ ಸಾಹಿತ್ಯ ಸಮ್ಮೇಳನವಾದ ಐಸ್ತೆದ್‌ವೊಡ್ ಆ ವರ್ಷ ನಡೆದದ್ದು ಗಡಿಯಾಚೆಗೆ, ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ. ಕವಿಪೀಠ ಗೆದ್ದವನ ಹೆಸರು ಕರೆದಾಗ ಉತ್ತರ ಬರಲಿಲ್ಲ. ಪೀಠಕ್ಕೆ ಕರಿಬಟ್ಟೆ ಹೊದಿಸಿದರು. ಇಬ್ಬರೂ ಇಂದು ಒಂದೇ ಸ್ಮಶಾನದಲ್ಲಿದ್ದಾರೆ. ಹೆದ್ ವಿನ್‌ನಿಗೆ ಅವನ ಭಾಷೆಯ ಸಭೆ ಕಾದಿತ್ತು; ಲೆಡ್ವಿಜ್‌ನಿಗೆ ಹೊಸ ಐರ್ಲೆಂಡ್ ಬಹುಕಾಲ ಯಾವ ಪೀಠವನ್ನೂ ಹಾಕಲಿಲ್ಲ.

ಆ ಮೌನವನ್ನು ಸಮರ್ಥವಾಗಿ ಮುರಿದವನು ಸೀಮಸ್ ಹೀನಿ, ತಾನೂ ಡೆರಿ ಪ್ರಾಂತದ ರೈತನ ಮಗ. 1979ರ ‘ಫೀಲ್ಡ್ ವರ್ಕ್’ ಸಂಗ್ರಹದ ಅವನ ಕವಿತೆ ಕಡಲೂರೊಂದರ ಕಂಚಿನ ಸಿಪಾಯಿಯಿಂದ ಹೊರಟು ಲೆಡ್ವಿಜ್‌ನನ್ನು ತಲುಪುತ್ತದೆ. ವಿರುದ್ಧ ಸೆಳೆತಗಳು ಅವನಲ್ಲಿ ವ್ಯರ್ಥವಾಗಿ ಕೂಡಿದವೆಂದು ಕಾಣುತ್ತದೆ. ಮನುಷ್ಯನನ್ನು ಕುರಿತು ಈ ಮಾತು ನಿಜ. ಆದರೆ ಮ್ಯಾಕ್‌ಡೊನಾನ ಶೋಕಗೀತೆಯನ್ನು ಕುರಿತು ನಿಜವಲ್ಲ. ಅಲ್ಲಿ ಸೆಳೆತಗಳು ವ್ಯರ್ಥವಾಗಿಲ್ಲ: ಇಂಗ್ಲಿಷ್ ಪದ, ಐರಿಷ್ ಪ್ರಾಸ, ಸಿಪಾಯಿಯ ದುಃಖ, ಬಂಡಾಯದವನ ಸಾವು ಎಲ್ಲವೂ ಹನ್ನೆರಡು ಸಾಲುಗಳಲ್ಲಿ ಒಂದೇ ಉಸಿರಾಗಿವೆ, ಹಸು ಗಾವಲಿನ ಕಡೆಗೆ ಹೊರಟಿದೆ.